ಹುಳ ಸೊಪ್ಪು ತಿನ್ನುವ ಸದ್ದು

"ಕೆಟ್ಟದ್ದೆಲ್ಲ ಮರೆತುಬಿಡು, ಒಳ್ಳೇದನ್ನಷ್ಟೇ ನೆನಪಿಟ್ಟುಕೋ" ಅಂತ ಮೊನ್ನೆ ಮದುವೆಮನೆಯಲ್ಲಿ ದೊಡ್ಡಮ್ಮ ಹೇಳಿದರು. ಪ್ರೀತಿಯಿಂದಲೇ ಹೇಳಿದ್ದು ಬಿಡಿ. ಆದರೆ ನನ್ನ ಕೈಲಿ ಆಗದ ಕೆಲಸ ಅದು. ನಮ್ಮಮ್ಮನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲವು ದಿನ ವಿಪರೀತ ಹುರುಪಿಗೆ ಏರಿ, ಇನ್ನು ಕೆಲವು ದಿನ ತೀರಾ ಕುಗ್ಗಿಹೋಗೋದು. ನನ್ನ ಬಾಲ್ಯದ ತುಂಬಾ ಖುಷಿಯ ರಾತ್ರಿಗಳು ಅವಳ ಕಾಯಿಲೆ ಜೋರಾಗಿದ್ದ ರಾತ್ರಿಗಳೇ.

ನಮ್ಮೂರು ಶಿಡ್ಲಘಟ್ಟದ ಹತ್ತಿರ. ಮನೆ ತುಂಬ ರೇಷ್ಮೆ ಹುಳ. ಮರಿ ಬೆಳೆದು ಗೂಡು ಕಟ್ಟೋಕೆ ಸುಮಾರು 25 ದಿನ, ಅದರೊಳಗೆ ನಾಲ್ಕು ಜ್ವರ. (ಜ್ವರ ಅಂದರೆ ಕಾಯಿಲೆ ಅಲ್ಲ, ಹುಳ ಸೊಪ್ಪು ಮುಟ್ಟದೆ ಸುಮ್ನೆ ಕೂತು ಪೊರೆ ಬಿಡೋದು.) ನಾಲ್ಕನೇ ಜ್ವರ ಎದ್ದ ಮೇಲೆ ರಾಕ್ಷಸ ಹಸಿವು, ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಕೊನೇ ವಾರದಲ್ಲೇ ಖಾಲಿ. ಆಗ ಮನೆಯವರೆಲ್ಲ ಸುಸ್ತು. ಅಮ್ಮ ಮಾತ್ರ ಮೂರು ರಾತ್ರಿ, ನಾಲ್ಕು ರಾತ್ರಿ ಕಣ್ಣು ಮುಚ್ಚದೆ ಸೊಪ್ಪು ಹಾಕುತ್ತಲೇ ಇರುತ್ತಿದ್ದಳು, ಹಾಡುತ್ತ, ಹುಳಗಳ ಜೊತೆ ಮಾತಾಡುತ್ತ. "ಎಂಥ ಗಟ್ಟಿಗಿತ್ತಿ" ಅಂತ ಬೀದಿಯವರು ಹೊಗಳಿದ್ದೇ ಹೊಗಳಿದ್ದು. ಕಾಯಿಲೆ ಅಂತ ಯಾರಿಗೆ ಗೊತ್ತಾಗಬೇಕು?

ಒಂದು ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿದಳು. "ಏಳೇ, ಮಳೆ ಬರ್ತಿದೆ ಕೇಳು." ಹೊರಗೆ ಒಂದು ಹನಿಯೂ ಇಲ್ಲ. ಹುಳದ ಮನೆಯಲ್ಲಿ ದೀಪ ಆರಿಸಿ ಇಬ್ಬರೂ ಕೂತೆವು. ಸಾವಿರಾರು ಹುಳ ಒಟ್ಟಿಗೆ ಸೊಪ್ಪು ಕಡಿಯೋ ಸದ್ದು, ಥೇಟ್ ಜಡಿಮಳೆ. ಆಮೇಲೆ ಅವಳಿಗೆ ಒಬ್ಬಟ್ಟು ಮಾಡಬೇಕು ಅನ್ನಿಸಿತು. ಬೇಳೆ ಬೇಯಿಸಿ, ರುಬ್ಬಿ, ತಟ್ಟಿ, ಬೆಳಗಿನ ಜಾವ ಪಕ್ಕದ ಮನೆಗಳ ಬಾಗಿಲು ಬಡಿದು ಬಿಸಿಬಿಸಿ ಹಂಚಿದೆವು. ನನಗೆ ಏಳು ವರ್ಷ, ಹಬ್ಬವೋ ಹಬ್ಬ. ಅಪ್ಪ ಅವಮಾನದಿಂದ ಎರಡು ದಿನ ಹೊರಗೆ ಬರಲಿಲ್ಲ.

ಅದೇ ಅಮ್ಮ ಎರಡು ತಿಂಗಳಿಗೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಅಮ್ಮನಿಗೂ ಜ್ವರ ಕೂತಿದೆ, ಎದ್ದ ಮೇಲೆ ಊಟ ಮಾಡ್ತಾಳೆ ಅಂದುಕೊಂಡಿದ್ದೆ ನಾನು. ನನಗೆ ಜಡೆ ಹಾಕುತ್ತಿದ್ದದ್ದು ಎದುರು ಮನೆ ಆಂಟಿ. ಆ ಚಳಿಗಾಲದಲ್ಲಿ ಒಂದು ಸಂಜೆ ಅಜ್ಜಿ ನೆನೆಸಿದ ಅವರೆಕಾಳಿನ ಬೋಗುಣಿ ತಂದು ಅಮ್ಮನ ಮುಂದಿಟ್ಟರು. ಮಾತಿಲ್ಲ, ಕತೆಯಿಲ್ಲ, ಕೈ ಮಾತ್ರ ಹಿತುಕುತ್ತಿತ್ತು. ನಾನು ಹಿತುಕಿದ ಒಂದು ಬೇಳೆ ಚಿಮ್ಮಿ ಅವಳ ಮೂಗಿಗೆ ಬಡಿಯಿತು. ನಕ್ಕಳು. ಒಂದೇ ಸಲ. ಇವತ್ತಿಗೂ ಸೊಗಡು ಅವರೆ ವಾಸನೆ ಬಂದರೆ ನನಗೆ ಆ ನಗು ಬರುತ್ತೆ.

ದೇವಸ್ಥಾನ, ತಾಯತ, ಗಾಳಿ ಬಿಡಿಸೋದು ಎಲ್ಲ ಆಗಿ, ನಾನು ಕಾಲೇಜಿಗೆ ಬಂದ ಮೇಲೆ ನಿಮ್ಹಾನ್ಸ್‌ಗೆ ಹೋದೆವು. ಡಾಕ್ಟರು ಒಂದೊಂದೇ ಕೇಳಿದರು. ನಿದ್ದೆ ಇಲ್ಲದಿದ್ರೂ ಚುರುಕಾಗಿರ್ತಿದ್ರಾ? ಮಾತು ಜಾಸ್ತಿ ಇತ್ತಾ? ಇದ್ದಕ್ಕಿದ್ದ ಹಾಗೆ ದುಡ್ಡು ಖರ್ಚು ಮಾಡ್ತಿದ್ರಾ? ಹೌದು, ಹೌದು ಅಂತ ತಲೆ ಆಡಿಸಿದೆ. ಒಂದೊಂದು ಸಲ ತಲೆ ಆಡಿಸಿದಾಗಲೂ ನನ್ನ ಒಂದೊಂದು ನೆನಪು ಆ ಫೈಲಿಗೆ ಹೋಗುತ್ತಿದೆ ಅನ್ನಿಸಿ ಹೊಟ್ಟೆ ಹಿಂಡಿತು. ನನ್ನ ಮಳೆ, ನನ್ನ ಒಬ್ಬಟ್ಟು, ಎಲ್ಲ ಬರೀ ರೋಗಲಕ್ಷಣವಾ?

ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ. ಈಗ ಹಾಗನ್ನಿಸಲ್ಲ. ಕಾಯಿಲೆ ಅವಳದು ಇರಬಹುದು, ಆ ರಾತ್ರಿಯ ಖುಷಿ ನನ್ನದು. ನನಗೆ ಯಾವ ಕಾಯಿಲೆಯೂ ಇರಲಿಲ್ಲವಲ್ಲ.

ಹಾಗಂತ ಎಲ್ಲರೂ ಹೀಗೇ ಖುಷಿ ಹುಡುಕಬೇಕು ಅಂತ ಹೇಳೋಕೆ ನನಗೆ ಬಾಯಿಲ್ಲ. ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಅಮ್ಮ ಗೂಡು ಮಾರಿದ ದುಡ್ಡೆಲ್ಲ ತಗೊಂಡು ರಾತ್ರಿ ಬಸ್‌ಸ್ಟ್ಯಾಂಡಿಗೆ ಹೋದಾಗ ಹಿಂದೆ ಓಡಿದ್ದು ಅವನು. ಒಬ್ಬಟ್ಟಿನ ಕತೆ ತೆಗೆದರೆ ಎದ್ದು ಹೋಗ್ತಾನೆ. ಹೋಗಲಿ, ಅವನ ಪಾಲಿಗೆ ಬಂದ ಅಮ್ಮ ಬೇರೆ. ಈಗಿನ ಹಾಗೆ ಆಗ 14416 ಟೆಲಿ ಮಾನಸ್ ನಂಬರ್ (ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ) ಇದ್ದಿದ್ದರೆ ಆ ಹದಿಮೂರು ವರ್ಷದ ಹುಡುಗ ಫೋನ್ ಮಾಡಿ ಕನ್ನಡದಲ್ಲೇ ಯಾರನ್ನಾದರೂ ಕೇಳಬಹುದಿತ್ತು, ಅಲ್ವಾ?

ಅಮ್ಮ ಈಗ ಲಿಥಿಯಂ ಮಾತ್ರೆ ತಗೊಳ್ತಾಳೆ, ಆಗಾಗ ರಕ್ತ ಪರೀಕ್ಷೆ ಮಾಡಿಸ್ತೀವಿ. ಹುಳ ಬಿಟ್ಟು ಎಂಟು ವರ್ಷವಾಯ್ತು. ಹೋದ ವಾರ "ನಿಂಗೆ ತುಂಬ ತೊಂದ್ರೆ ಕೊಟ್ಟೆ ಅಲ್ವೇನೇ" ಅಂದಳು. ನಾನು ಹೌದು ಅಂದೆ, ಸುಳ್ಳು ಹೇಳಲಿಲ್ಲ. ಆಮೇಲೆ ಆ ರಾತ್ರಿಯ ಮಳೆ ಸದ್ದಿನ ಕತೆ ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದಳು.

"ಅದೆಲ್ಲ ನೆನಪಿಲ್ಲ ಕಣೇ. ಆದ್ರೆ ಆ ಸಲ ಗೂಡು ಚೆನ್ನಾಗಿ ಬಂದಿತ್ತು. ರೇಟೇ ಸಿಗಲಿಲ್ಲ."