ಒಒಒಒ ಎಂಬ ಸಹಿ

ಮಲೆನಾಡಿನಲ್ಲಿ ಯಾರ ಮನೆಗೆ ಹೋದರೂ ಅಂಗಳದಲ್ಲೇ ನಿಂತು ‘ಯಾರಿದೀರಿ ಮನೇಲಿ?’ ಅಂತ ಒಂದು ಕೂಗು ಹಾಕುವುದು ವಾಡಿಕೆ. ಅದೇ ಜನ ಕನ್ನಡ ವಿಕಿಪೀಡಿಯದ ಪುಟ ತಿದ್ದಲು ಹೋದರೆ ಹಿತ್ತಿಲ ಬಾಗಿಲಲ್ಲಿ ನುಗ್ಗಿ, ಅಡುಗೆಮನೆಯ ಪಾತ್ರೆಯನ್ನೆಲ್ಲ ಆಚೀಚೆ ಇಟ್ಟು, ಸದ್ದಿಲ್ಲದೆ ಹೊರಟುಬಿಡುತ್ತಾರೆ. ಕೂಗು ಹಾಕಲು ಅಲ್ಲೂ ಜಾಗವಿದೆ: ಏನು ತಿದ್ದಿದೆ, ಯಾಕೆ ತಿದ್ದಿದೆ ಅಂತ ಬರೆಯಲು ಪ್ರಕಟಿಸುವ ಮೊದಲು ಕಾಣುವ ‘ಸಾರಾಂಶ’ದ ಪೆಟ್ಟಿಗೆ.

ಕುವೆಂಪು ಹುಟ್ಟೂರನ್ನೇ ತಗೊಳ್ಳಿ. ಯಾರೋ ‘ಕುಪ್ಪಳಿ’ ಅಳಿಸಿ ‘ಹಿರೇಕೊಡಿಗೆ’ ಹಾಕುತ್ತಾರೆ. ಮಾಡಿದ್ದು ಸರಿಯೇ, 1904ರಲ್ಲಿ ಅವರು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಆದರೆ ಸಾರಾಂಶ ಖಾಲಿ. ತೀರ್ಥಹಳ್ಳಿ ಕಡೆಯವರ ಕಣ್ಣಿಗೆ ಅದು ಕವಿಯನ್ನು ರಾತ್ರೋರಾತ್ರಿ ಚಿಕ್ಕಮಗಳೂರು ಜಿಲ್ಲೆಗೆ ಸಾಗಿಸಿದ ಹಾಗೆ ಕಂಡು, ಐದೇ ನಿಮಿಷಕ್ಕೆ ಕುಪ್ಪಳಿ ವಾಪಸು. ‘ಹುಟ್ಟಿದ್ದು ತಾಯಿಯ ತವರು, ಬೆಳೆದದ್ದು ಕುಪ್ಪಳಿ, ಆಧಾರ ಸೇರಿಸಿದೆ’ ಅಂತ ಬರೆದಿದ್ದರೆ ಮುಗಿಯುತ್ತಿತ್ತು. ಇನ್ನು ಇಡೀ ಪ್ಯಾರಾ ಎತ್ತಿ ಬಿಸಾಡಿ ‘ಚಿಕ್ಕ ಬದಲಾವಣೆ’ಗೆ ಟಿಕ್ ಹಾಕುವ ಪುಣ್ಯಾತ್ಮರಿದ್ದಾರೆ. ಅದು ಕೊಂಬು, ದೀರ್ಘ ತಿದ್ದಿದವರಿಗೆ ಇಟ್ಟ ಚೌಕ ಮಾರಾಯ್ರೇ.

ಜೋಗದ ಎತ್ತರದ ಜಗಳ ಇನ್ನೂ ಚೆಂದ. ಒಬ್ಬರು 253 ಅಂದರೆ ಇನ್ನೊಬ್ಬರು 830. ಒಂದು ಮೀಟರು, ಇನ್ನೊಂದು ಅಡಿ! ಇಂಗ್ಲಿಷ್ ವಿಕಿಪೀಡಿಯದಲ್ಲಾದರೆ 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರದ್ದನ್ನು ಅಳಿಸಿದರೆ ಖಾತೆಗೆ ಬೀಗ ಬೀಳಬಹುದು. ಒಂದು ಸಲ ಅಳಿಸಿದ್ದು ಸಾಕು, ಮುಂದಿನದು ಲೇಖನದ ಜೊತೆಗೇ ಇರುವ ಚರ್ಚೆ ಪುಟದಲ್ಲಿ. ಅಲ್ಲೂ ‘ನಿಮಗೇನ್ರೀ ಗೊತ್ತು?’ ಬೇಡ; ‘ಈ ಸಾಲಿಗೆ ಆಧಾರ ಯಾವುದು?’ ಅಂದರೆ ಸಾಕು.

ಚರ್ಚೆ ಪುಟದ ನಿಜವಾದ ಫಜೀತಿ ಮಾತಿನ ಕೊನೆಗೆ ಹಾಕುವ ಸಹಿಯದು. ಎಸ್ಕೇಪ್ ಕೀಲಿಯ ಕೆಳಗಿನ ಅಲೆಗೆರೆಯನ್ನು (~) ಶಿಫ್ಟ್ ಹಿಡಿದು ನಾಲ್ಕು ಸಲ ಒತ್ತಿದರೆ ಹೆಸರು, ಸಮಯ ಎರಡೂ ಬರುತ್ತವೆ. ಮೂರೇ ಒತ್ತಿದರೆ ಬರೀ ಹೆಸರು. ಐದು ಒತ್ತಿದರೆ ಬರೀ ಸಮಯ. ಯಾರು ಬೈದರೋ ಗೊತ್ತಿಲ್ಲ, ಬೈದದ್ದು ಎಷ್ಟು ಗಂಟೆಗೆ ಅಂತ ಮಾತ್ರ ನಿಖರ. ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬದಲಿಸದೆ ಒತ್ತಿದರಂತೂ ‘ಒಒಒಒ’ ಅಂತ ಮೂಡುತ್ತದೆ, ಗುಡ್ಡದ ಆಚೆಯಿಂದ ಯಾರೋ ಓಗೊಟ್ಟ ಹಾಗೆ.

ಸಹಿ ಬರೀ ಶಿಷ್ಟಾಚಾರವಲ್ಲ. ಎದುರಿನವರ ಹೆಸರಿಗೆ ಕೊಂಡಿ ಹಾಕಿ ಕರೆದರೆ ಅವರಿಗೆ ಸೂಚನೆ (ನೋಟಿಫಿಕೇಶನ್) ಹೋಗುವುದು ಆ ಮಾತು, ಕೊಂಡಿ, ಸಹಿ ಮೂರೂ ಒಂದೇ ಸಲಕ್ಕೆ ಉಳಿಸಿದಾಗ ಮಾತ್ರ. ಮರೆತದ್ದು ನೆನಪಾಗಿ ಆಮೇಲೆ ಸಹಿಯೊಂದನ್ನೇ ಅಂಟಿಸಿದರೆ ಸೂಚನೆ ಹೋಗುವುದಿಲ್ಲ. ಹೊಸ ಸಾಲು ಬರೆದು, ಮತ್ತೆ ಕರೆದು, ಮತ್ತೆ ಸಹಿ ಹಾಕಬೇಕು. ಅಷ್ಟರಲ್ಲಿ ಮಳೆಗೆ ಕರೆಂಟು ಹೋಗಿರುತ್ತದೆ.