ಎಟೋಷಾಗೆ ಹೋದರೆ ಸುಮ್ನೆ ಕೂತ್ಕೊಳ್ಳಿ

ಆಫ್ರಿಕಾ ಸಫಾರಿ ಮಾಡಿ ಬಂದವರಿಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಬಿಗ್ ಫೈವ್ ಸಿಕ್ತಾ? ಸಿಂಹ, ಚಿರತೆ, ಆನೆ, ಘೇಂಡಾಮೃಗ, ಆಫ್ರಿಕನ್ ಕಾಡೆಮ್ಮೆ. ಈ ಪಟ್ಟಿ ಮಾಡಿದ್ದು ಬೇಟೆಗಾರರು. ಕಾಲ್ನಡಿಗೆಯಲ್ಲಿ ಹೋಗಿ ಹೊಡೆಯುವುದು ಯಾವುದನ್ನು ಕಷ್ಟ ಅನ್ನೋ ಲೆಕ್ಕ ಅದು. ಕ್ಯಾಮೆರಾ ಹಿಡಿದು ಹೋಗುವ ನಮಗೆ ಅದ್ಯಾಕೆ ಬೇಕು? ನಮೀಬಿಯಾದ ಎಟೋಷಾ ರಾಷ್ಟ್ರೀಯ ಉದ್ಯಾನದಲ್ಲಂತೂ ಕಾಡೆಮ್ಮೆಯೇ ಇಲ್ಲ. ಎಷ್ಟು ಅಲೆದರೂ ನಾಲ್ಕಕ್ಕೇ ನಿಲ್ಲಬೇಕು. ಒಳ್ಳೆಯದೇ ಆಯ್ತು ಅಂತೀನಿ ನಾನು.

ಎಟೋಷಾ ಅಂದರೆ 22,000 ಚದರ ಕಿಲೋಮೀಟರಿಗೂ ಜಾಸ್ತಿ ಜಾಗ. ಅದರಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಬಿಳಿ ಉಪ್ಪಿನ ಬಯಲು. ಒಳ್ಳೆ ಮಳೆಯಾದ ವರ್ಷ ಅಲ್ಲಿ ತೆಳ್ಳಗೆ ನೀರು ನಿಲ್ಲುತ್ತದೆ, ಫ್ಲೆಮಿಂಗೋಗಳು ಬರುತ್ತವೆ. ಉಳಿದಂತೆ ಬಿಸಿಲು, ಧೂಳು. ಮಳೆಯಿಲ್ಲದ ತಿಂಗಳುಗಳಲ್ಲಿ ಕುಡಿಯುವ ನೀರು ಸಿಗುವುದು ಬಯಲಿನ ಅಂಚಿನ ಚಿಲುಮೆಗಳಲ್ಲಿ, ಕೊಳವೆಬಾವಿ ನೀರು ಬಿಟ್ಟ ಹೊಂಡಗಳಲ್ಲಿ. ಎಲ್ಲ ಪ್ರಾಣಿಯೂ ಅಲ್ಲಿಗೆ ಬರಲೇಬೇಕು. ಮತ್ತೆ ನಾವ್ಯಾಕೆ ಗಾಡಿ ಓಡಿಸಿಕೊಂಡು ಅಟ್ಟಿಸಿಕೊಂಡು ಹೋಗಬೇಕು?

ಉದ್ಯಾನದೊಳಗಿನ ಒಕಾಕುಯೆಯೊ ಕ್ಯಾಂಪಿನಲ್ಲಿ ಹೊಂಡದ ಪಕ್ಕ ಗೋಡೆ ಕಟ್ಟಿ ಬೆಂಚು ಹಾಕಿದ್ದಾರೆ. ರಾತ್ರಿಯಿಡೀ ದೀಪ ಉರಿಯುತ್ತದೆ. ಅಲ್ಲಿ ಕೂತು ಜಿರಾಫೆ ನೀರು ಕುಡಿಯುವುದನ್ನು ನೋಡಬೇಕು. ಬರುತ್ತದೆ, ನಿಲ್ಲುತ್ತದೆ, ಸುತ್ತ ನೋಡುತ್ತದೆ. ಮುಂಗಾಲು ಒಂದಿಷ್ಟು ಅಗಲಿಸುತ್ತದೆ, ಏನೋ ಅನುಮಾನ ಬಂದು ಮತ್ತೆ ನೆಟ್ಟಗಾಗುತ್ತದೆ. ಕೊನೆಗೆ ಕಾಲು ಪೂರ್ತಿ ಚಾಚಿ ಕತ್ತು ಬಗ್ಗಿಸಿದಾಗ ನಮಗೇ ಭಯ, ಈಗ ಸಿಂಹ ಬಂದರೆ ಇದರ ಗತಿ ಏನು ಅಂತ. ಅಷ್ಟರಲ್ಲಿ ಆನೆ ಹಿಂಡು ಬಂತು ಅಂದರೆ ಉಳಿದವೆಲ್ಲ ಬದಿಗೆ ಸರಿಯುತ್ತವೆ. ಬಿಳಿ ಮಣ್ಣು ಮೆತ್ತಿಕೊಂಡ ಆನೆಗಳು, ಸುಣ್ಣ ಬಳಿದಂತೆ. ಕತ್ತಲಾದ ಮೇಲೆ ಕಪ್ಪು ಘೇಂಡಾಮೃಗಗಳ ಸರದಿ. ಹಗಲು ಒಂಟಿಯಾಗಿ ಪೊದೆಯಲ್ಲಿ ಇರುವ ಸಿಡುಕು ಪ್ರಾಣಿ, ರಾತ್ರಿ ನೀರಿನ ಹತ್ತಿರ ಒಂದಕ್ಕೊಂದು ಮೂತಿ ತಾಗಿಸಿ ಬುಸುಗುಡುತ್ತವೆ! ಗಾಡಿಯಲ್ಲಿ ಸುತ್ತುವವರಿಗೆ ಇದು ಕಾಣುವುದಿಲ್ಲ, ಸೂರ್ಯ ಮುಳುಗುವಷ್ಟರಲ್ಲಿ ಕ್ಯಾಂಪಿನ ಗೇಟು ಹಾಕಿಬಿಡುತ್ತಾರೆ.

ಇನ್ನೊಂದು ಮಾತು. ಇದು ಮನುಷ್ಯರೇ ಇಲ್ಲದ ಕಾಡು ಅಂತ ಬ್ರೋಷರುಗಳಲ್ಲಿ ತೋರಿಸ್ತಾರಲ್ಲ, ನಂಬಬೇಡಿ. ಇದೇ ನೀರನ್ನು ನಂಬಿ ಹೈಓಂ ಸಾನ್ ಅನ್ನೋ ಮೂಲನಿವಾಸಿ ಜನ ಇಲ್ಲಿ ಬದುಕುತ್ತಿದ್ದರು. 1907ರಲ್ಲಿ ಜರ್ಮನ್ನರು ಇದನ್ನು ರಕ್ಷಿತ ಪ್ರದೇಶ ಅಂತ ಮಾಡಿದ ಮೇಲೂ ಇದ್ದರು. 1954ರಲ್ಲಿ, ದಕ್ಷಿಣ ಆಫ್ರಿಕಾದ ಆಡಳಿತ ಇದ್ದಾಗ, ಅವರನ್ನು ಹೊರಗೆ ಹಾಕಿದರು. ನಾಗರಹೊಳೆಯ ಜೇನುಕುರುಬರ ಕಥೆ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೋಗುವ ಪ್ಲಾನ್ ಇದ್ದರೆ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಹೋಗಿ. ಮಳೆ ಶುರುವಾದರೆ ಎಲ್ಲೆಲ್ಲೂ ನೀರು, ಪ್ರಾಣಿಗಳು ಚದುರಿ ಹೋಗುತ್ತವೆ. ಒಂದು ಸ್ವೆಟರ್ ಇರಲಿ, ರಾತ್ರಿ ಬೆಂಚಿನ ಮೇಲೆ ಚಳಿ ಹೊಡೆಯುತ್ತೆ.