ಬೆಂಗಳೂರಿನ ಮುಯ್ಯಿ

ನಮ್ಮ ಕಡೆ ಮದುವೆಗೆ ಹೋದವರು ಮುಯ್ಯಿ ಮಾಡದೆ ಬರುವುದಿಲ್ಲ. ಯಾರು ಎಷ್ಟು ಹಾಕಿದರೆಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅವರ ಮನೆಯಲ್ಲಿ ಶುಭಕಾರ್ಯವಾದಾಗ ಒಂದು ರೂಪಾಯಿಯಾದರೂ ಹೆಚ್ಚಿಗೆ ಸೇರಿಸಿ ತೀರಿಸುವುದು ಮರ್ಯಾದಸ್ಥರ ಲಕ್ಷಣ. ಕೋಲಾರ ಜಿಲ್ಲೆಯು ಬೆಂಗಳೂರಿಗೆ ಹಾಲು, ಟೊಮೇಟೊ, ಶ್ರೀನಿವಾಸಪುರದ ಮಾವು, ಮಾರಿಕುಪ್ಪಂ ರೈಲಿನಲ್ಲಿ ನಿಂತುಕೊಂಡೇ ಹೋಗುವ ದುಡಿಮೆಗಾರರು, ಹೀಗೆ ಕೈಲಾದುದನ್ನೆಲ್ಲ ಮುಯ್ಯಿ ಮಾಡುತ್ತಲೇ ಬಂದಿದೆ. 2018ರಲ್ಲಿ ಬೆಂಗಳೂರು ಮುಯ್ಯಿ ತೀರಿಸಿತು. ತನ್ನ ಬಚ್ಚಲ ನೀರನ್ನು ಕಳುಹಿಸಿತು.

ಕಡತದಲ್ಲಿ ಬಚ್ಚಲೆಂಬ ಮಾತಿಲ್ಲ. ಅಲ್ಲಿ ಅದು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆ, ಜನರ ಬಾಯಲ್ಲಿ ಕೆ.ಸಿ. ವ್ಯಾಲಿ. ದಿನಕ್ಕೆ 44 ಕೋಟಿ ಲೀಟರ್ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ 126 ಕೆರೆಗಳನ್ನು ತುಂಬಿಸುವುದು ಅದರ ಉದ್ದೇಶ. ಮೂರನೆಯ ಹಂತವೂ ಆಗಲೆಂದು ರೈತರು ಕೂಗುತ್ತಲೇ ಇದ್ದಾರೆ. ಆ ಕೆಲಸವನ್ನು ಸದ್ಯಕ್ಕೆ ಕೋಲಾರದ ಮಣ್ಣಿಗೆ ಸಂಬಳವಿಲ್ಲದ ನೌಕರಿಯಾಗಿ ವಹಿಸಲಾಗಿದೆ. ಮೊದಲ ವರ್ಷವೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆಯೆದ್ದಾಗ, ಹೆಸರಿಗೆ ತಕ್ಕಂತೆ ಕ್ಷೀರಸಾಗರವೇ ಆಯಿತಲ್ಲ ಎಂದು ಕೈಮುಗಿಯುವುದನ್ನು ಬಿಟ್ಟು ನಮ್ಮ ಜನ ಕೋರ್ಟಿಗೆ ಹೋದರು.

ಸುಳ್ಳೇಕೆ ಹೇಳಲಿ, ಸಾವಿರದೈನೂರು ಅಡಿ ಕೊರೆಸಿ ಬರೀ ಧೂಳು ಕಂಡವರಿಗೆ ಕೋಡಿ ಬಿದ್ದ ಕೆರೆಯನ್ನು ನೋಡಿ ಕಣ್ಣು ತುಂಬಿತು. ಕೋಡಿಯ ಬಳಿ ನಿಂತು ಫೋಟೊ ತೆಗೆಸಿಕೊಂಡವರಲ್ಲಿ ನಾನೂ ಒಬ್ಬ. ಆದರೆ ಏರಿಯ ಕೆಳಗೇ ಜಮೀನಿರುವವನು ಆ ಕೆರೆಗೆ ಮೋಟಾರು ಇಳಿಸುವಂತಿಲ್ಲ. ನೀರು ಮೊದಲು ಇಂಗಬೇಕು, ಅಂತರ್ಜಲವೆಂದು ಮರುನಾಮಕರಣಗೊಳ್ಳಬೇಕು, ಆಮೇಲೆ ರೈತ ಸಾಲ ಮಾಡಿ ಬೋರು ಕೊರೆಸಿ ಅದನ್ನೇ ಮೇಲೆತ್ತಬೇಕು. ಕಣ್ಣೆದುರಿಗಿದ್ದಾಗ ಕೊಳಚೆಯಾಗಿದ್ದದ್ದು ಕಣ್ಮರೆಯಾದೊಡನೆ ಗಂಗೆಯಾಗುವ ಈ ತತ್ತ್ವವನ್ನು ಕಂಡುಹಿಡಿದವರಿಗೆ ಜಿಲ್ಲಾ ಉತ್ಸವದಲ್ಲಿ ಒಂದು ಶಾಲು ಹೊದಿಸದಿರುವುದು ನಮ್ಮದೇ ತಪ್ಪು.

ಇನ್ನು ಕಾವೇರಿಯ ವಿಷಯ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಬಂತು, ಬೆಂಗಳೂರಿನ ಬೀದಿದೀಪಗಳಿಗೆ ಸಿಕ್ಕಿದ್ದು 1905ರಲ್ಲಿ. ಕರೆಂಟಿನಲ್ಲಿ ಹಿಂದೆ ಬಿದ್ದ ಬೆಂಗಳೂರು ನೀರಿನಲ್ಲಿ ಸೇಡು ತೀರಿಸಿಕೊಂಡಿತು. ಈಗ ಕಾವೇರಿ ನಮ್ಮ ಬಾಗಿಲಿಗೂ ಬಂದಿದ್ದಾಳೆ, ಬೆಂಗಳೂರಿನವರ ಮನೆಯ ಮುಸುರೆ ತಿಕ್ಕಿ, ಬಟ್ಟೆ ಒಗೆದು, ಕಕ್ಕಸು ತೊಳೆದು, ಸುಸ್ತಾಗಿ. ಹೊಸ ನೀರು ಬೇಕೆನ್ನುವವರಿಗೆ ಪಶ್ಚಿಮಘಟ್ಟದಿಂದ ನೀರು ತರುವ ಎತ್ತಿನಹೊಳೆ ಯೋಜನೆ ಇದೆ. ಅದಕ್ಕೆ 2014ರಲ್ಲಿ, ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯಲ್ಲೇ ಶಂಕುಸ್ಥಾಪನೆಯಾಯಿತು. ಕಲ್ಲು ನೆಟ್ಟಗಿದೆ.

ಹೋದ ತಿಂಗಳು ಕೋರಮಂಗಲದಲ್ಲಿರುವ ತಂಗಿಯ ಮಗಳ ಮನೆಗೆ ಒಂದು ಬುಟ್ಟಿ ಟೊಮೇಟೊ ಒಯ್ದಿದ್ದೆ. "ಮಾವ, ಇದು ಆ ನೀರಿನಲ್ಲಿ ಬೆಳೆದದ್ದಲ್ಲ ತಾನೇ?" ಎಂದು ಮೂಗು ಮುರಿದಳು. "ನಿಮ್ಮ ಮನೆಯದೇ ನೀರು ಕಣಮ್ಮ, ಪರರದ್ದಲ್ಲ," ಎಂದೆ. ಅವಳು ಮಾತಾಡದೆ ಹಣ್ಣುಗಳನ್ನು ಪಾತ್ರೆಗೆ ಸುರಿದು, ಒಂದಲ್ಲ, ಎರಡಲ್ಲ, ಮೂರು ಸಲ ತೊಳೆದು, ತೊಳೆದ ನೀರನ್ನು ಸಿಂಕಿಗೆ ಚೆಲ್ಲಿದಳು. ಅದು ನನಗಿಂತ ಮೊದಲೇ ಊರಿಗೆ ಹೊರಟಿತು.